ಜಿಂಕೆಗಳಿಗಾಗಿ ಬಿತ್ತಿದವನು

ಆರ್ವಿಡ್ ಸ್ಟೆನ್ಸ್‌ರುಡ್ ಯಾವ ಬಾಗಿಲಿನಿಂದ ಹೊರಬಂದರೂ, ಅದು ತನ್ನ ಮನೆಯದಾಗಲಿ, ಇಗರ್ಜಿಯದಾಗಲಿ, ಹಲ್ಲಿನ ವೈದ್ಯರದಾಗಲಿ, ಮೊದಲು ಕೋಟಿನ ಎಡಜೇಬಿಗೆ ಕೈಹಾಕಿ, ಎಕ್ಕದ ಅರಳೆಯಂಥ ಒಂದು ಬಿಳಿಯ ಎಳೆಯನ್ನು ತೆಗೆದು ಗಾಳಿಗೆ ಬಿಡುತ್ತಿದ್ದ. ಅದು ತೇಲುವ ದಿಕ್ಕನ್ನು ಕಣ್ಣು ಕಿರಿದುಮಾಡಿ ನೋಡಿದ ಮೇಲೆಯೇ ಮುಂದಿನ ಹೆಜ್ಜೆ. ತನ್ನ ಮೈವಾಸನೆ ಎತ್ತ ಹೋಗುತ್ತಿದೆ, ಅತ್ತ ಜಿಂಕೆಗಳಿದ್ದರೆ ಬೆದರಿಯಾವೇ ಎಂಬುದು ಅವನ ಚಿಂತೆ. ಪೇಟೆಬೀದಿಯಲ್ಲಿ ಜಿಂಕೆ ಎಲ್ಲಿಂದ ಬರಬೇಕೆಂದು ಯಾರಾದರೂ ನಕ್ಕರೆ ತಾನೂ ನಾಚಿ ನಗುತ್ತಿದ್ದ. ಅಭ್ಯಾಸ ಮಾತ್ರ ಬಿಡಲಿಲ್ಲ.

ವಿಸ್ಕಾನ್ಸಿನ್ನಿನ ನಮ್ಮ ಗುಡ್ಡಸೀಮೆಯಲ್ಲಿ ನವೆಂಬರಿನ ಬೇಟೆಯೆಂದರೆ ಹಬ್ಬ. ಆದರೆ ಆರ್ವಿಡನಿಗೆ ಹಬ್ಬಕ್ಕಿಂತ ಅದರ ಸಿದ್ಧತೆಯೇ ಬದುಕಾಗಿತ್ತು. ಶಾಲಾಬಸ್ಸಿನ ಚಾಲಕನಾಗಿದ್ದು ನಿವೃತ್ತನಾದ ಮೇಲೆ, ತಂದೆಯಿಂದ ಬಂದ ಗುಡ್ಡದ ನೆತ್ತಿಯ ಜಮೀನಿನಲ್ಲಿ ಅವನು ಮನುಷ್ಯರಿಗೆಂದು ಒಂದು ಕಾಳನ್ನೂ ಬೆಳೆಯಲಿಲ್ಲ. ಕಾಡಿನಂಚಿನ ತಗ್ಗಿನಲ್ಲಿ ಕ್ಲೋವರ್ ಸೊಪ್ಪು, ಅದರಾಚೆ ಓಟ್ಸ್, ಹಿಮ ಬಿದ್ದಷ್ಟೂ ಸಿಹಿಯಾಗುವ ಟರ್ನಿಪ್ ಗೆಡ್ಡೆ, ಬೇಲಿಯುದ್ದಕ್ಕೂ ಕಾಡುಸೇಬಿನ ಸಸಿಗಳು; ನಡುವೆ, ಜಿಂಕೆಗಳು ನೆಕ್ಕಲೆಂದು ಉಪ್ಪು ಬೆರೆಸಿದ ಒಂದು ಕುಳಿ. ಮಣ್ಣು ಹುಳಿಯಾಯಿತೆಂದು ಸುಣ್ಣ ಹಾಕುವನು, ಹಾಕಿದ ಮೇಲೆ ಹೆಚ್ಚಾಯಿತೇನೋ ಎಂದು ಕೊರಗುವನು. ಮಳೆ ಬಾರದಿದ್ದರೆ ಬೀಜ ಒಣಗೀತೆಂಬ ಭಯ, ಬಂದರೆ ಕೊಚ್ಚಿಹೋದೀತೆಂಬ ಭಯ. ತಂಗಿಯ ಮಗಳು ಕಾರ್ಲಾಳ ಮದುವೆಯಲ್ಲಿ, ಇನ್ನೇನು ಕೇಕು ಕತ್ತರಿಸಬೇಕು ಎನ್ನುವಾಗ, ಪಶ್ಚಿಮದಲ್ಲಿ ಮೋಡ ಕಂಡು ಸೂಟಿನಲ್ಲೇ ಎದ್ದುಹೋಗಿ ಬಿತ್ತನೆ ಮುಗಿಸಿದವನು ಅವನು.

"ನಾನು ಕಾಯಿಲೆ ಬಿದ್ರೂ ಹಿಂಗೇ ಓಡ್ಬರ್ತೀಯಾ?" ಎಂದು ಹೆಂಡತಿ ಜೊಯಾನ್ ಅವನ ಕೆಸರು ಮೆತ್ತಿದ ಷರಾಯಿ ಒಗೆಯುತ್ತ ಕೇಳಿದ್ದಳಂತೆ.

"ನೀನಾದ್ರೆ ಬಾಯಿಬಿಟ್ಟು ಹೇಳ್ತೀಯಲ್ಲ ಜೋ. ಅವು ಹೇಳಲ್ಲ."

ಪಕ್ಕದ ಗುಡ್ಡದ ಹೈನುಗಾರ ಲೆಸ್ಟರ್ ನೊವೊಟ್ನಿಗೆ ಇದೆಲ್ಲ ದೊಡ್ಡ ತಮಾಷೆ. "ಏನಪ್ಪಾ, ಇವತ್ತು ನಿನ್ನ ಛತ್ರದಲ್ಲಿ ಎಷ್ಟು ಪಂಕ್ತಿ ಎದ್ವು?" ಎಂದು ಬೇಲಿಯಾಚೆಯಿಂದ ಕೂಗುತ್ತಿದ್ದ. ಆದರೆ ನೆರೆಯ ಜಿಲ್ಲೆಯಲ್ಲಿ ಜಿಂಕೆಗಳನ್ನು ಸವೆಸುವ ರೋಗ ಕಾಣಿಸಿಕೊಂಡ ವರ್ಷ ಲೆಸ್ಟರನ ನಗೆ ನಿಂತಿತು. ಮಿದುಳು ಜರಡಿಯಾಗಿ, ಮೈ ಕರಗಿ ಸಾಯಿಸುವ, ಜೊಲ್ಲಿನಿಂದಲೂ ಮಣ್ಣಿನಿಂದಲೂ ಹರಡುವ, ಮದ್ದಿಲ್ಲದ ರೋಗ ಅದು.

"ಒಂದೇ ಕುಳೀಲಿ ಎಲ್ಲಾವೂ ನಾಲಿಗೆ ಇಡ್ತವೆ ಮಾರಾಯ. ಸ್ವಲ್ಪ ಯೋಚ್ನೆ ಮಾಡು," ಎಂದ.

ಆರ್ವಿಡ್ ಯೋಚನೆಯನ್ನೇನೋ ಮಾಡಿದ. ಅವನಿಗೆ ಬೇರೆ ಕೆಲಸವೇ ಇರಲಿಲ್ಲ. ಕುಳಿಯನ್ನು ಮುಚ್ಚಲು ಮಾತ್ರ ಮನಸ್ಸು ಬರಲಿಲ್ಲ. ಮುಚ್ಚಿದರೆ ಅವು ಬಾರದೇ ಹೋದರೆ?

ಆ ನವೆಂಬರಿನಲ್ಲಿ, ಬೇಟೆಯ ಮೊದಲ ಬೆಳಗ್ಗೆ, ಓಕ್ ಮರದ ಅಟ್ಟಣೆಯಲ್ಲಿ ಕೋವಿ ಹಿಡಿದು ಕುಳಿತವನಿಗೆ ಕ್ಲೋವರಿನ ನಡುವೆ ಒಂದು ಹೆಣ್ಣುಜಿಂಕೆ ಕಂಡಿತು. ಪಕ್ಕೆಯೆಲುಬು ಎಣಿಸಬಹುದಿತ್ತು, ಕಿವಿ ಜೋತಿತ್ತು, ಬಾಯಿಂದ ಜೊಲ್ಲಿನ ದಾರ ಸೊಪ್ಪಿನ ಮೇಲೆ ಇಳಿಯುತ್ತಿತ್ತು. ಅದರ ಪಕ್ಕದಲ್ಲೇ ಎರಡು ಮರಿಗಳು ಅದೇ ಸೊಪ್ಪನ್ನು ಮೇಯುತ್ತಿದ್ದವು. ಅವನು ಕೆಮ್ಮಿದ. ಮರಿಗಳು ಬೆಚ್ಚಿದವು, ತಾಯಿ ತಲೆಯೆತ್ತಲಿಲ್ಲ. ಅಟ್ಟಣೆಯ ಕಂಬಕ್ಕೆ ಕೋವಿಯ ನಳಿಗೆ ಒತ್ತಿಕೊಂಡು ಗುಂಡು ಹಾರಿಸಿದ.

ಪರೀಕ್ಷೆಗೆಂದು ಅದರ ತಲೆಯನ್ನು ಕಳಿಸಿ ಕಾದ ದಿನಗಳಲ್ಲಿ ಆರ್ವಿಡ್ ಅರ್ಧ ಆದ. ಅವನ ಹೆದರಿಕೆ ಜಿಂಕೆಗಳಿಗೆ ಮಾತ್ರ ಸೀಮಿತವಾಗಿರಲಿಲ್ಲ. ಹಿಂದಿನ ವರ್ಷದ ಜಿಂಕೆಯ ಸಾಸೇಜನ್ನು ಇಗರ್ಜಿಯ ಊಟಕ್ಕೆ, ಲೆಸ್ಟರನಿಗೆ, ಬಸುರಿಯಾಗಿದ್ದ ಕಾರ್ಲಾಳಿಗೆ ಕೈಯಾರೆ ಹಂಚಿದ್ದ. ಮನುಷ್ಯರಿಗೆ ಅಂಟಿದ್ದು ಇದುವರೆಗೆ ಕಂಡಿಲ್ಲ, ಆದರೂ ರೋಗದ ಮಾಂಸ ತಿನ್ನಬೇಡಿ ಎನ್ನುತ್ತಿದ್ದರು ತಿಳಿದವರು. ಆ 'ಕಂಡಿಲ್ಲ'ಕ್ಕೂ 'ಆದರೂ'ವಿಗೂ ನಡುವಿನ ಇಕ್ಕಟ್ಟಿನಲ್ಲಿ ಅವನು ಉಂಡ, ಮಲಗಿದ, ಎದ್ದ.

ಫೋನು ಬಂದಾಗ ಎತ್ತಿದವಳು ಜೊಯಾನ್. ಅವಳು ಕುರ್ಚಿ ಎಳೆದು ಅವನ ಪಕ್ಕ ಕುಳಿತು, "ರೋಗ ಇತ್ತಂತೆ," ಎಂದಳು.

ಅಂದೇ ಆರ್ವಿಡ್ ಹೊರಟು, ಸಾಸೇಜು ಕೊಟ್ಟಿದ್ದ ಮನೆಮನೆಯ ಮೆಟ್ಟಿಲು ಹತ್ತಿ ಹೇಳಿ ಬಂದ. ಕಾರ್ಲಾ ಕೂಸನ್ನು ಎದೆಗವಚಿಕೊಂಡು ಕೇಳಿ, "ಹೋದ್ವರ್ಷದ್ದು ಬೇರೆ ಜಿಂಕೆ ಅಲ್ವಾ ಮಾವ? ಅದು ಚೆನ್ನಾಗೇ ಇತ್ತಲ್ಲ," ಎಂದಳು.

"ಚೆನ್ನಾಗಿ ಕಾಣ್ತಿತ್ತು ಮಗಳೇ. ಪರೀಕ್ಷೆ ಮಾಡಿಸ್ಲಿಲ್ಲ," ಎಂದ, ಎಂದಿನಂತೆ ಕೂಸನ್ನು ಎತ್ತಿಕೊಳ್ಳಲು ಕೈ ಚಾಚಲಿಲ್ಲ. ಅವಳೇ ಅದನ್ನು ಅವನ ತೋಳಿಗೆ ಇಟ್ಟಳು.

ಲೆಸ್ಟರ್ ಹಂಗಿಸಿಯಾನೆಂದು ತಲೆ ತಗ್ಗಿಸಿ ಹೋದವನಿಗೆ, "ಮಣ್ಣು ತಳ್ಳೋ ಯಂತ್ರ ತರ್ತೀನಿ ನಡಿ," ಎಂಬ ಮಾತಷ್ಟೇ ಸಿಕ್ಕಿತು. ಇಬ್ಬರೂ ಸೇರಿ ಉಪ್ಪಿನ ಕುಳಿಯ ಮೇಲೆ ಆಳುದ್ದ ಜೇಡಿಮಣ್ಣು ಸುರಿದು, ಸುತ್ತ ಎತ್ತರದ ತಂತಿ ಬಿಗಿದರು. ಕ್ಲೋವರನ್ನೂ ಅಳಿಸಬೇಕೇ ಎಂದು ಅರಣ್ಯ ಇಲಾಖೆಯ ಹೆಂಗಸನ್ನು ಕೇಳಿದರೆ, "ಕುಳಿ ತಪ್ಪು ಅಂತ ಖಚಿತವಾಗಿ ಹೇಳ್ತೀನಿ. ಬೆಳೆದ ಸೊಪ್ಪಿನ ವಿಷ್ಯ ನನಗೂ ಸರಿಯಾಗಿ ಗೊತ್ತಿಲ್ಲ," ಎಂದಳು. ಆಕೆ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಮರುದಿನ ತಗ್ಗಿನ ಕ್ಲೋವರನ್ನು ತಾನೇ ಉತ್ತು ಕಪ್ಪಾಗಿಸಿದ.

ಮಾರ್ಚಿನಲ್ಲಿ, ಹಗಲು ಕರಗಿ ಇರುಳು ಹೆಪ್ಪುಗಟ್ಟುವ ನೆಲ ಜೇನುಹುಟ್ಟಿನಂತೆ ಬಿರಿದು ಬೀಜವನ್ನು ತಾನೇ ನುಂಗಿಕೊಳ್ಳುವ ಹೊತ್ತಿಗೆ, ಆರ್ವಿಡ್ ಕ್ಲೋವರ್ ಬೀಜದ ಚೀಲ ಹೆಗಲಿಗೇರಿಸಿದ. ಈ ಸಲ ಒಂದೆಡೆಯಲ್ಲಲ್ಲ: ಹಳೆಯ ಹುಲ್ಲುಗಾವಲು, ಮರ ಸಾಗಿಸುವ ದಾರಿ, ವಿದ್ಯುತ್ ತಂತಿಯ ಕೆಳಗಿನ ಬಯಲು, ಹೀಗೆ ಗುಡ್ಡದುದ್ದಕ್ಕೂ ತೆಳುವಾಗಿ, ಹೊಟ್ಟೆ ತುಂಬಬೇಕಾದರೆ ಜಿಂಕೆಗಳು ದೂರದೂರ ಚದುರಿ ಮೇಯಬೇಕಾಗುವಷ್ಟು ತೆಳುವಾಗಿ, ಎರಚುತ್ತ ನಡೆದ.

"ಇದ್ರಿಂದ ಉಳೀತಾವಾ?" ಹಿಂದೆ ಬಂದ ಜೊಯಾನ್ ಕೇಳಿದಳು.

"ಗೊತ್ತಿಲ್ಲ ಜೋ."

"ಮತ್ಯಾಕೆ?"

"ಹಸಿವಂತೂ ಇರುತ್ತಲ್ಲ."

ಅವಳು ಇನ್ನೊಂದು ಚೀಲ ಬಿಚ್ಚಿದಳು.

ಇಂಥವರು ನಮ್ಮ ಸೀಮೆಯಲ್ಲಿ ಇನ್ನೂ ಕೆಲವರಿದ್ದಾರೆ. ಸಾಕುಪ್ರಾಣಿಯ ಒಡೆಯನಿಗೆ ಹಗ್ಗವುಂಟು, ಕೊಟ್ಟಿಗೆಯುಂಟು, ಕರೆದರೆ ತಿರುಗುವ ಹೆಸರುಂಟು. ಕಾಡಿನದನ್ನು ಹಚ್ಚಿಕೊಂಡವನಿಗೆ ಇದಾವುದೂ ಇಲ್ಲ; ಕೊಂದು ಉಣ್ಣುವುದನ್ನೇ ಉಣಿಸಿ ಬೆಳೆಸುವ ಆ ವಿಚಿತ್ರ ಬಾಂಧವ್ಯದಲ್ಲಿ ಅವನು ಆತಿಥೇಯನೂ ಹೌದು, ಅಪರಾಧಿಯೂ ಹೌದು. ತಾವು ಮಾಡಿದ್ದು ಒಳಿತೋ ಕೆಡುಕೋ ಎಂಬುದು ಇವರಿಗೆ ತಮ್ಮ ಆಯುಷ್ಯದೊಳಗೆ ತಿಳಿಯಲಾರದು. ಬಿತ್ತಿದಲ್ಲಿ ಹಸಿರು ಮೂಡಿದರೂ ಮೊದಲು ಹೆದರಿ, ಆಮೇಲಷ್ಟೇ ಸಂತೋಷಪಡುವ ಜನ ಇವರು.