ಎರಡನೆಯ ಬೋಲ್ಟು

ಚಟ್ಟದ ಹಗ್ಗ ಬಿಗಿಯಲು ಬಗ್ಗಿದ ಸಿದ್ದಯ್ಯನ ಕೈಯನ್ನು ಗಿರಿಯಮ್ಮ ಗಪ್ಪನೆ ಹಿಡಿದುಕೊಂಡುಬಿಟ್ಟಳು.

"ಇನ್ನೊಂಚೂರು ತಡೀರಿ ಮಾವ. ಬಸ್ಸು ಬರ್ಲಿ."

ಗಂಡನ ಸೋದರಮಾವನ ಕೈ ಹಿಡಿದಳಲ್ಲ ಎಂದು ಜಗಲಿಯ ಮೇಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಸಿದ್ದಯ್ಯ ಮಾತ್ರ ಕೈ ಬಿಡಿಸಿಕೊಳ್ಳಲಿಲ್ಲ. ಹಸಿರು ತೆಂಗಿನ ಗರಿಯ ಮೇಲೆ ಮಲಗಿದ್ದ ಅಳಿಯ ಜವರಣ್ಣನ ಮುಖವನ್ನೊಮ್ಮೆ ನೋಡಿದ, ರೈಲು ನಿಲ್ದಾಣದ ಆಚೆಗೆ ಜಾರುತ್ತಿದ್ದ ಹೊತ್ತನ್ನೊಮ್ಮೆ ನೋಡಿದ.

"ಹೊತ್ತು ಮುಳುಗಿದ್ ಮೇಲೆ ಹೆಣ ಎತ್ತೋ ಹಂಗಿಲ್ಲ ಕಣವ್ವ. ಬೆಳಗಿನ ಜಾವ ಹೋದ ಜೀವ. ನಾಳೀಕ್ ಗಂಟ ಮಡಗಾಕಾಯ್ತದಾ?"

"ಮಾದಿಹಳ್ಳಿ ಭಾವ ಬತ್ತಾರೆ."

"ಯಾವ ಭಾವ? ಮರಿಯಣ್ಣನಾ?" ಬಾವಿಕಟ್ಟೆಯ ಮೇಲೆ ಕೂತಿದ್ದ ಚಿಕ್ಕಣ್ಣ ಬೀಡಿಯನ್ನು ಕಲ್ಲಿಗೆ ಒರೆಸಿ ಆರಿಸಿದ. ಅವನು ಹಾರನಹಳ್ಳಿಯಿಂದ ನಡೆದುಕೊಂಡು ಬಂದಿದ್ದ ದಾಯಾದಿ. "ಬದುಕಿದ್ದಾಗ ತಮ್ಮನ ಮುಖ ನೋಡ್ದೇ ಇದ್ದೋನು, ಸತ್ ಮೇಲೆ ಏನ್ ನೋಡಾಕೆ ಬಂದಾನು? ನಾನಿದೀನಲ್ಲ. ಕೊಳ್ಳಿ ನಾನಿಡ್ತೀನಿ, ಎತ್ತಿ."

ಜವರಣ್ಣನಿಗೆ ಮಕ್ಕಳಿಲ್ಲ. ಬೆಂಕಿಯ ಗಡಿಗೆ ಹಿಡಿದು ಮುಂದೆ ನಡೆಯಬೇಕಾದವನು ಒಡಹುಟ್ಟಿದ ಅಣ್ಣ. ಅಣ್ಣ ಬದುಕಿರುವಾಗ ದೂರದ ದಾಯಾದಿಯ ಕೈಯಲ್ಲಿ ಕೊಳ್ಳಿ ಇಡಿಸಿದರೆ, ಅಣ್ಣ ತಮ್ಮನ ನಂಟು ಕಡಿದುಕೊಂಡ ಎಂದು ಊರೂರಿಗೆ ಸಾರಿದ ಹಾಗೆ. ಬದುಕಿರುವ ತನಕ ಜಗಳ ಜಗಳವೇ. ಇವತ್ತು ಇತ್ಯರ್ಥವಾಗದಿದ್ದರೆ ಅದು ಗಂಡನ ಜೊತೆಗೇ ಸುಟ್ಟು, ಬೂದಿಯಾಗಿಯೂ ಉಳಿದುಬಿಡುತ್ತದೆ ಎಂದು ಗಿರಿಯಮ್ಮನಿಗೆ ಬೆಳಗಿನಿಂದ ಒಂದೇ ಕೊರೆತ.

"ಹೇಳಿ ಕಳ್ಸಿದ್ದಾದ್ರೂ ಯಾರ ಕೈಲಿ ತಾಯಿ?" ಎಂದಳು ಪಕ್ಕದ ಮನೆಯ ಭಾಗಮ್ಮ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. "ಆ ಡ್ರೈವರ್ ಚನ್ನಪ್ಪನ ಕೈಲಿ! ಅವನ ಮುಖ ಕಂಡ್ರೇ ಮರಿಯಣ್ಣ ಕುಡುಗೋಲು ಹುಡುಕ್ತಾನೆ. ಬೇರೆ ಯಾರೂ ಸಿಗ್ಲಿಲ್ವಾ ನಿಂಗೆ?"

"ನಾನು ಕಳ್ಸಿಲ್ಲ ಕಣಕ್ಕ. ನಾನೇ ಹೋಗ್ತೀನಿ ಅಂತ ಅವರೇ ಹೋದ್ರು."

ಬಸ್ ಷೆಡ್ಡಿನಿಂದ ಬಂದಿದ್ದ ನಾಲ್ಕಾರು ಜನ ಬೇಲಿಯ ಪಕ್ಕ ನಿಂತು ತಗ್ಗಿದ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಸತ್ತವನ ಮಾತೇ.

"ಸಂಜೆ ಆದ್ರೆ ಬಸ್ಸಿನ ಮುಂದೆ ಮಂಡಿಯೂರಿಬಿಡೋನು. 'ಏನ್ಲಾ ಜವರ, ಮಾಲೇಕಲ್ಲು ತಿಮ್ಮಪ್ಪಂಗೂ ಇಷ್ಟು ಅಡ್ಡ ಬಿದ್ದಿಲ್ವಲ್ಲೋ ನೀನು' ಅಂತ ನಾನೇ ಎಷ್ಟು ಸಲ ಆಡ್ಕೊಂಡಿದೀನಿ."

"ಏನಂತಿದ್ದ?"

"ಏನೂ ಅಂತಿರ್ಲಿಲ್ಲ. ಆ ಬೋಲ್ಟು ಎಳೆಯೋನು, ಈ ಬೋಲ್ಟು ಎಳೆಯೋನು, ಮಂಡಿ ಧೂಳು ಕೊಡವ್ಕೊಂಡು ಇನ್ನೊಂದು ಬಸ್ಸಿನ ಮುಂದೆ ಹೋಗೋನು. ನಾವು ಬಯ್ದ್ರೂ ಅಷ್ಟೇ, ನಕ್ಕ್ರೂ ಅಷ್ಟೇ."

ಗಿರಿಯಮ್ಮ ಆ ಮಾತು ಕೇಳಿಸಿಕೊಂಡಳು. ಸಿದ್ದಯ್ಯನ ಕೈ ಬಿಟ್ಟು, ಗಂಡನ ತಲೆದೆಸೆಯ ಹಣತೆಗೆ ಎಣ್ಣೆ ಹೊಯ್ದಳು.

* * *

ಜವರಣ್ಣನನ್ನು ಸಾಕಿದವಳು ಅತ್ತಿಗೆ ರಂಗಮ್ಮ. ತಾಯಿ ತೀರಿಕೊಂಡಾಗ ಅವನಿನ್ನೂ ಸೊಂಟದ ಮೇಲಿನ ಕೂಸು. ಆಗತಾನೆ ಮರಿಯಣ್ಣನ ಕೈಹಿಡಿದು ಮಾದಿಹಳ್ಳಿಗೆ ಬಂದ ರಂಗಮ್ಮನೂ ಹುಡುಗಿಯೇ. ಗದ್ದೆಗೆ ಹೋದರೂ ಮೈದುನ ಕಂಕುಳಲ್ಲಿ, ಹಾಲು ಕರೆಯಲು ಕೂತರೂ ಮೈದುನ ಬೆನ್ನಿನ ಮೇಲೆ. ತನ್ನ ಹೊಟ್ಟೆಯಲ್ಲಿ ಒಂದು ಹುಟ್ಟದಿದ್ದರೂ ಇವನೊಬ್ಬ ಸಾಕು ಎಂದವಳು. ದೊಡ್ಡವನಾಗಿ ಅರಸೀಕೆರೆಯ ಷೆಡ್ಡಿನಲ್ಲಿ ಬಸ್ಸಿನ ದೀಪದ ಕೆಲಸಕ್ಕೆ ಸೇರಿದ ಮೇಲೂ, ಮೊದಲ ಸಲ ಬೇಲೂರಿಗೆ ಓಡಿದ ಬಸ್ಸನ್ನು ಅವನು ತೋರಿಸಿದ್ದು ಅತ್ತಿಗೆಗೇ.

ಆ ಬಸ್ಸುಗಳ ದೀಪವೆಂದರೆ ನಂಬುವ ಹಾಗಿರಲಿಲ್ಲ. ಕುಲುಕಾಟಕ್ಕೆ ತಂತಿ ಕಳಚಿಕೊಳ್ಳುತ್ತಿತ್ತು, ಬಲ್ಬು ಸುಡುತ್ತಿತ್ತು, ಎಂಜಿನ್ನಿಗೆ ಕಟ್ಟಿದ ಡೈನಮೋ ಕೈಕೊಟ್ಟರೆ ಬ್ಯಾಟರಿಯೂ ಅದರ ಹಿಂದೆಯೇ ಸತ್ತುಹೋಗುತ್ತಿತ್ತು. ಅದಕ್ಕೇ ಜವರಣ್ಣ ಎರಡನೇ ಲೈನು ಹಾಕಿದ. ಸೀಟಿನ ಕೆಳಗೆ ಇನ್ನೊಂದು ಬ್ಯಾಟರಿ, ಅದರಿಂದ ಬೇರೆ ತಂತಿ, ಬೇರೆ ಬಲ್ಬು. ಮೊದಲನೇ ಲೈನು ಆರಿತೋ, ಡ್ರೈವರು ಸ್ಟೇರಿಂಗಿನ ಪಕ್ಕದ ಸ್ವಿಚ್ಚು ತಿರುಗಿಸಿದರೆ ಸಾಕು.

"ನೋಡು ಅತ್ತಿಗೆ, ಒಂದು ಕಣ್ಣು ಹೋದ್ರೆ ಇನ್ನೊಂದು ಕಣ್ಣು," ಎಂದು ಆ ಎರಡನೇ ಲೈನು ತೋರಿಸುತ್ತ ಅವನು ಬೀಗಿದ್ದು ಗಿರಿಯಮ್ಮನಿಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಕಣ್ಣು ಎರಡಾದ್ರೂ ತಲೆ ಒಂದೇ ಅಲ್ವೇನೋ ಜವರ?" ಎಂದು ರಂಗಮ್ಮ ನಕ್ಕಿದ್ದಳು. ತಮಾಷೆಗೆ ಅಂದದ್ದು. ಎಲ್ಲರೂ ನಕ್ಕರು.

ಕರೆಂಟು ದೀಪಕ್ಕೆ ಹೋದರೆ ಸಾಲದು, ತಿರುಗಿ ಬ್ಯಾಟರಿಗೆ ಬರಬೇಕು. ಬರುವ ದಾರಿ ಬಸ್ಸಿನ ಕಬ್ಬಿಣದ ಮೈಯೇ. ದೀಪದಿಂದ ಹೊರಟ ತಂತಿಯ ಕೊನೆಯನ್ನು ಆ ಮೈಗೆ ಒಂದು ಬೋಲ್ಟು ಹಾಕಿ ಬಿಗಿಯುತ್ತಾರೆ. ಜವರಣ್ಣ ಬ್ಯಾಟರಿ ಎರಡು ಇಟ್ಟ, ಬಲ್ಬು ಎರಡು ಇಟ್ಟ. ಕೊನೆಗೆ ಎರಡೂ ತಂತಿಯನ್ನು ಇದ್ದ ಒಂದೇ ಬೋಲ್ಟಿಗೆ ಬಿಗಿದ. ಎಲ್ಲರೂ ಹಾಗೆಯೇ ಬಿಗಿಯುತ್ತಿದ್ದರು.

ಒಂದು ಮಳೆಗಾಲ ಕಳೆಯಿತು. ಕಾರ್ತೀಕದ ಒಂದು ಮುಸ್ಸಂಜೆ, ಬೇಲೂರಿನಿಂದ ಹೊರಟ ಬಸ್ಸು ಹಳೇಬೀಡು ಕೆರೆಯ ಏರಿ ಹತ್ತುವಾಗ ದೀಪ ಆರಿತು. ಚನ್ನಪ್ಪ ಸ್ವಿಚ್ಚು ತಿರುಗಿಸಿದ. ಕತ್ತಲೆ ಹಾಗೆಯೇ ಇತ್ತು. ಬ್ರೇಕು ಒತ್ತುವಷ್ಟರಲ್ಲಿ ಮುಂದಿದ್ದ ಎತ್ತಿನ ಗಾಡಿಗೆ ಬಸ್ಸು ತಗುಲಿ, ಗಾಡಿ ಏರಿಯಿಂದ ಕೆಳಕ್ಕೆ ಉರುಳಿತು. ಗಾಡಿಯ ಮುಂದೆ ಮೂಕಿಯ ಮೇಲೆ ಕೂತಿದ್ದ ಮರಿಯಣ್ಣ ದಾರಿಗೆ ಬಿದ್ದ. ಹಿಂದೆ ಕೂತಿದ್ದ ರಂಗಮ್ಮ ಗಾಡಿಯ ಅಡಿಗೆ ಸಿಕ್ಕಿದಳು.

ಮಾರನೆಯ ದಿನ ಜವರಣ್ಣ ಮಾದಿಹಳ್ಳಿಗೆ ಹೋದಾಗ ಅವನ ಅಂಗೈಯಲ್ಲಿ ತುಕ್ಕು ತಿಂದು ತುಂಡಾದ ಒಂದು ಬೋಲ್ಟಿತ್ತು. ಅಂಗಳದ ತುಂಬ ಜನ ಚನ್ನಪ್ಪ ಕುಡಿದಿದ್ದ, ನಿದ್ದೆ ಮಾಡುತ್ತಿದ್ದ ಎಂದು ಆಡಿಕೊಳ್ಳುತ್ತಿದ್ದರು. ಜವರಣ್ಣ ಅತ್ತಿಗೆಯ ಹೆಣದ ಕಾಲ ಬಳಿ ಕೂತು, ಅಣ್ಣನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಎರಡು ಲೈನಿಗೂ ಒಂದೇ ಬೋಲ್ಟು ಹಾಕಿದವನು ನಾನು, ಅದು ಮುರಿದು ಎರಡೂ ಹೋದವು, ಡ್ರೈವರದೇನೂ ತಪ್ಪಿಲ್ಲ ಎಂದ.

ಮರಿಯಣ್ಣ ತಮ್ಮನ ಅಂಗೈಯಿಂದ ಆ ಬೋಲ್ಟನ್ನು ತೆಗೆದುಕೊಂಡು ತನ್ನ ಬೆರಳಿನ ಪಕ್ಕ ಹಿಡಿದ.

"ದೇವರು ಕಿತ್ಕೊಂಡ ಅಂತಾನಾದ್ರೂ ಅಂದ್ಕೊಂಡು ಸುಮ್ಕಾಯ್ತಿದ್ದೆ ಕಣ್ಲಾ. ನೀನು ಅದಕ್ಕೂ ದಾರಿ ಬಿಡ್ಲಿಲ್ಲ. ಬೆರಳುದ್ದ ಇಲ್ಲ ಇದು, ಇದಕ್ಕಾ ಅವಳು ಹೋಗಿದ್ದು? ಏಳು ಮೇಲೆ. ನಿನ್ನ ಹೆಣಕ್ಕೂ ನಾನು ಬರಾಕಿಲ್ಲ."

ದಾರಿಯಲ್ಲಿ ಬರುತ್ತ ಗಿರಿಯಮ್ಮ ಗಂಡನನ್ನು ಹಿಡಿದು ಅತ್ತಿದ್ದಳು. "ಹೇಳ್ದೇ ಇದ್ದಿದ್ರೆ ಏನಾಗ್ತಿತ್ತು? ಯಾರಿಗ್ ಗೊತ್ತಾಗ್ತಿತ್ತು?"

"ಚನ್ನಪ್ಪನ ಕೊರಳಿಗೆ ಬೀಳ್ತಿತ್ತು," ಎಂದಿದ್ದ ಜವರಣ್ಣ. ಆ ವಾರದಿಂದ ಷೆಡ್ಡಿಗೆ ಬಂದ ಪ್ರತಿ ಬಸ್ಸಿಗೂ ಎರಡನೆಯ ಬೋಲ್ಟು ಬಿತ್ತು. ಒಂದರಿಂದ ಮಾರು ದೂರಕ್ಕೆ ಇನ್ನೊಂದು.

* * *

ಷೆಡ್ಡಿನ ತಗಡಿನ ನೆರಳು ಅಂಗಳ ದಾಟಿ ಬಾವಿಯನ್ನು ಮುಟ್ಟಿತು.

"ಸಾಕು ಕಣವ್ವ," ಎಂದ ಸಿದ್ದಯ್ಯ. ಈ ಸಲ ಅವನ ದನಿ ಮೆತ್ತಗಿತ್ತು. "ಇದ್ದಿಲ ಬಸ್ಸು, ಏರು ಸಿಕ್ಕಿದ್ ಕಡೆ ಜನಾನೇ ಇಳಿದು ತಳ್ಬೇಕು. ಯುದ್ಧ ಬಂದ್ ಮೇಲೆ ಪೆಟ್ರೋಲ್ ಎಲ್ಲೈತೆ? ಬಂದ್ರೆ ಬಂದ, ಇಲ್ದಿದ್ರೆ ಇಲ್ಲ. ನಮ್ಮ ಕೆಲ್ಸ ನಾವು ಮಾಡಾನ."

ಗಿರಿಯಮ್ಮ ಗಂಡನ ಪಾದಗಳನ್ನು ಹಿಡಿದುಕೊಂಡಳು. ಮಂಡಿಯ ಮೇಲೆ, ಸಂಜೆ ಸಂಜೆ ಊರಿ ಊರಿ ಒರಟಾದ ಕಪ್ಪು ಜಡ್ಡು. ಸ್ನಾನ ಮಾಡಿಸಿದರೂ ಅದರ ಮಸಿ ಹೋಗಿರಲಿಲ್ಲ.

"ಆಯ್ತು. ಕಟ್ಟಿ," ಎಂದಳು.

ಹಗ್ಗ ಬಿಗಿದರು. ಚಿಕ್ಕಣ್ಣ ತಲೆಗೆ ನೀರು ಹುಯ್ದುಕೊಂಡು, ಬೆಂಕಿಯ ಗಡಿಗೆಗೆ ಕೈ ಹಾಕಿದ. ಆಗ ಹಾರನಹಳ್ಳಿ ದಾರಿಯ ಕಡೆಯಿಂದ ಹಾರನ್ನು ಕೇಳಿಸಿತು, ಒಂದೇ ಸಮನೆ, ಬಿಡದೆ.

ಬಸ್ಸು ಷೆಡ್ಡಿಗೆ ಹೋಗದೆ ಮನೆಯ ಮುಂದೆಯೇ ನಿಂತಿತು. ಬೆನ್ನಿಗೆ ಕಟ್ಟಿದ ಇದ್ದಿಲಿನ ಪೀಪಾಯಿ ಹೊಗೆಯುಗುಳುತ್ತಿತ್ತು. ಹೊತ್ತು ಇನ್ನೂ ಮುಳುಗದಿದ್ದರೂ ಮುಂದಿನ ದೀಪಗಳು ಉರಿಯುತ್ತಿದ್ದವು. ಚನ್ನಪ್ಪ ಇಳಿದು ಬೇಲಿಯ ಆಚೆಗೇ ನಿಂತ. ಅವನ ಹಿಂದೆ, ಬಾಗಿಲ ಸರಳನ್ನು ಎರಡೂ ಕೈಯಲ್ಲಿ ಹಿಡಿದು, ಬಸ್ಸು ಹತ್ತಿ ರೂಢಿಯಿಲ್ಲದ ಮುದುಕ ಹಿಮ್ಮುಖವಾಗಿ ಇಳಿದ.

ಅಂಗಳದ ಜನ ಎರಡು ಕಡೆಗೆ ಸರಿದು ದಾರಿ ಬಿಟ್ಟರು.

ಮರಿಯಣ್ಣ ಚಟ್ಟದ ಹತ್ತಿರಕ್ಕೆ ಬಂದ. ತಮ್ಮನ ಮುಖ ನೋಡಲಿಲ್ಲ. ಗಿರಿಯಮ್ಮ ಸೆರಗು ಎಳೆದುಕೊಂಡು ಕಂಬದ ಮರೆಗೆ ಸರಿದಳು.

"ಬರಬಾರ್ದು ಅಂತಾನೇ ಇದ್ದೆ ಕಣಮ್ಮ," ಎಂದ ಅವನು, ಯಾರ ಕಡೆಗೂ ನೋಡದೆ. "ಈ ಚನ್ನಪ್ಪ ಬಂದು ಬಾಗಿಲಲ್ಲಿ ಕೂತ. ಬಯ್ದೆ. ಕೂತೇ ಇದ್ದ. ಬಸ್ಸಿನ ಜನ ಎಲ್ಲ ಕಾಯ್ತಾ ಅವ್ರೆ, ಇವನು ಅಲ್ಲಾಡಾಕಿಲ್ಲ. ಕೊನೀಗೆ ಹಳೇಬೀಡು ಏರಿವರೆಗಾದ್ರೂ ಬನ್ನಿ, ಆಮೇಲೆ ನಿಮ್ಮಿಷ್ಟ ಅಂದ."

ಅವನು ಬೇಲಿಯಾಚೆಗಿದ್ದ ಬಸ್ಸಿನ ಕಡೆ ಗದ್ದ ತಿರುಗಿಸಿದ.

"ಆ ಜಾಗದಲ್ಲೇ ನಿಲ್ಲಿಸ್ದ. ದೀಪ ಹಾಕಿ, ಕೈಗೆ ಸ್ಪ್ಯಾನರ್ ಕೊಟ್ಟು, ಈ ಬೋಲ್ಟು ಬಿಚ್ಚಿ ಅಂದ. ಬಿಚ್ಚಿದೆ. ದೀಪ ಆರ್ತು. ಇವನು ಒಳಗೋಗಿ ಸ್ವಿಚ್ಚು ತಿರುಗಿಸ್ದ." ಮರಿಯಣ್ಣ ಎಡಗೈಯನ್ನು ಮುಂದಕ್ಕೆ ಚಾಚಿದ. "ಅಂಗೈ ಒಡ್ಡಿ ನೋಡಿದೆ. ಉರೀತಿತ್ತು ಕಣಮ್ಮ."

"ಹೂಂ ಭಾವ," ಎಂದಳು ಗಿರಿಯಮ್ಮ.

"ಏನ್ ಹೂಂ? ಇನ್ನೊಂದು ಬೋಲ್ಟು! ಅಷ್ಟೇ ಬೇಕಾಗಿದ್ದಿದ್ದು. ಅವತ್ತೂ ಹಿಂಗೇ ಉರೀಬೇಕಾಗಿತ್ತಲ್ಲ! ಅದನ್ನ ನೋಡಿ ಸಿಟ್ಟು ಇಳೀತದೆ ಅಂದ್ಕೊಂಡ್ನಾ ಇವನು? ನಂಗೆ ಇನ್ನೂ ಉರಿ ಹತ್ಕೊಳ್ತು." ಅವನು ಮುಷ್ಟಿ ಬಿಗಿದಿದ್ದ. ಅದರಲ್ಲಿ ಏನೋ ಇತ್ತು. "ಕೊಳ್ಳಿ ಇಡ್ತೀನಿ. ಅವಳು ಎತ್ತಾಡಿಸ್ದ ಮೈ ಇದು, ಕಂಡೋರ ಕೈಗೆ ಕೊಡಾಕಾಗಲ್ಲ. ಮನಸ್ಸಿಂದ ತೆಗೆದ್ಹಾಕ್ದೆ ಅಂತ ಮಾತ್ರ ತಿಳ್ಕೋಬೇಡಿ."

ಚಿಕ್ಕಣ್ಣ ಗಡಿಗೆಯನ್ನು ಕೆಳಗಿಟ್ಟು ಹಿಂದೆ ಸರಿದ. ಮರಿಯಣ್ಣ ಮುಷ್ಟಿಯಲ್ಲಿದ್ದದ್ದನ್ನು ಹೆಗಲ ವಸ್ತ್ರದ ಚುಂಗಿಗೆ ಗಂಟು ಹಾಕಿ ಭಾಗಮ್ಮನ ಕೈಗೆ ಕೊಟ್ಟು, ತಣ್ಣೀರು ಸುರಿದುಕೊಂಡು, ಬೆಂಕಿಯ ಗಡಿಗೆ ಎತ್ತಿಕೊಂಡ. ಎತ್ತಿದ ರಭಸಕ್ಕೆ ಕೆಂಡ ಒಂದೆರಡು ಹಾರಿ ಕಾಲ ಬಳಿ ಬಿದ್ದವು. ಅವನು ತುಳಿದುಕೊಂಡೇ ನಡೆದ.

ಗಂಡಸರು ಹೋದ ಮೇಲೆ ಹೆಂಗಸರು ಅಂಗಳ ತೊಳೆದರು. ಬೆಳಗ್ಗೆ ಹೊಸ್ತಿಲ ಒಳಗೆ ಹೆಣ ಮಲಗಿಸಿದ್ದ ಜಾಗವನ್ನು ಸಾರಿಸಿ, ಹಣತೆಯನ್ನು ಅಲ್ಲಿಗೇ ತಂದಿಟ್ಟರು. ಸುಡುಗಾಡಿಗೆ ಹೋದವರು ತಿರುಗಿ ಬಂದು ಆ ದೀಪ ನೋಡಿಕೊಂಡೇ ತಮ್ಮ ತಮ್ಮ ಮನೆಗೆ ಹೋಗಬೇಕು. ಗಾಳಿಗೆ ಕುಡಿ ಬಗ್ಗಿದಾಗೆಲ್ಲ ಗಿರಿಯಮ್ಮ ಅಂಗೈ ಅಡ್ಡ ಹಿಡಿದು ಕೂತಳು.

ಕತ್ತಲು ಕವಿಯುವ ಹೊತ್ತಿಗೆ ಒಬ್ಬೊಬ್ಬರೇ ಬಂದರು. ಬಾಗಿಲಲ್ಲಿ ಬಗ್ಗಿ ದೀಪ ನೋಡಿದರು, ಬರುತ್ತೇನೆ ಎನ್ನದೆ ಹೋದರು. ಸಾವಿನ ಮನೆಯಲ್ಲಿ ಆ ಮಾತು ಆಡುವ ಹಾಗಿಲ್ಲ. ಕೊನೆಗೆ ಬಂದವನು ಮರಿಯಣ್ಣ. ಒದ್ದೆ ಪಂಚೆಯಲ್ಲಿ ಹೊಸ್ತಿಲಾಚೆಗೇ ನಿಂತು, ದೀಪವನ್ನು ನೋಡಿದ.

"ಮೂರನೇ ದಿನದ ಹಾಲು ತುಪ್ಪಕ್ಕೆ ಆ ಚಿಕ್ಕಣ್ಣನ್ನ ಕರೀರಿ," ಎಂದ.

ಗಾಳಿಗೆ ಬಗ್ಗಿದ ಕುಡಿಗೆ ಗಿರಿಯಮ್ಮ ಮತ್ತೆ ಅಂಗೈ ಅಡ್ಡ ಹಿಡಿದಳು. ಭಾಗಮ್ಮ ಹೆಗಲ ವಸ್ತ್ರವನ್ನು ಕೊಟ್ಟಳು. ಅವನು ತೆಗೆದುಕೊಂಡು ಅಂಗಳಕ್ಕಿಳಿದ.

ದಾರಿಯಲ್ಲಿ ಚನ್ನಪ್ಪ ಬಸ್ಸು ತಿರುಗಿಸಿ ನಿಲ್ಲಿಸಿದ್ದ. "ಹತ್ತಿ ಅಣ್ಣ, ಬೇಲೂರು ಟ್ರಿಪ್ಪು ಹೊತ್ತಾಯ್ತು," ಎಂದ. ಮರಿಯಣ್ಣ ಹತ್ತಲಿಲ್ಲ. "ಸ್ಪ್ಯಾನರ್ ಕೊಡು," ಎಂದ.

ಗಿರಿಯಮ್ಮ ದೀಪಕ್ಕೆ ಅಡ್ಡ ಹಿಡಿದ ಕೈಯನ್ನು ತೆಗೆಯದೆ, ಬಾಗಿಲಿನಿಂದ ಕತ್ತು ಚಾಚಿ ನೋಡಿದಳು.

ಬಸ್ಸಿನ ಬೆಳಕಿನಲ್ಲಿ ಮುದುಕ ವಸ್ತ್ರದ ಗಂಟನ್ನು ಹಲ್ಲಿನಿಂದ ಬಿಚ್ಚಿದ. ಧೂಳಿನಲ್ಲಿ ಒಂದು ಮಂಡಿ ಊರಿದ, ಆಮೇಲೆ ಇನ್ನೊಂದು. ಹಣೆ ಬಸ್ಸಿನ ಮೂತಿಗೆ ತಗುಲುವಷ್ಟು ಬಗ್ಗಿ, ಏರಿಯ ಮೇಲೆ ತಾನೇ ಬಿಚ್ಚಿದ್ದ ಬೋಲ್ಟನ್ನು ಅದರ ತೂತಿಗೆ ಕೂರಿಸಿ ಬಿಗಿದ. ತಂತಿಯನ್ನು ಎಳೆದು ನೋಡಿದ. ಎದ್ದುಬಿಡುತ್ತಾನೆ ಎಂದುಕೊಂಡಳು. ಅವನು ಏಳಲಿಲ್ಲ. ಮಂಡಿಯ ಮೇಲೆಯೇ ಮಾರು ದೂರ ತೆವಳಿ ಹೋಗಿ, ಇನ್ನೊಂದು ಬೋಲ್ಟನ್ನೂ ಎಳೆದು ನೋಡಿದ.