ಅಕ್ಕವ್ವ ಕೇಳಿದ ಮೌನ

ಬೆಳಗಾವಿಯ ಟಿಳಕವಾಡಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಸಿದರಾಯನಿಗೆ ಕಣ್ಣಿಗಿಂತ ಕಿವಿಯ ಮೇಲೆಯೇ ನಂಬಿಕೆ ಹೆಚ್ಚು. ಗಿರಾಕಿ ಇನ್ನೂ ರಸ್ತೆಯ ತಿರುವಿನಲ್ಲಿ ಬರುತ್ತಿರುವಾಗಲೇ ಸಪ್ಪಳ ಕೇಳಿ, ಚೈನು ಸವೆದಿದೆಯೋ ಪೆಡಲು ಸಡಿಲಾಗಿದೆಯೋ ಹೇಳಿಬಿಡುತ್ತಿದ್ದ. ಐವತ್ತೆರಡು ವರ್ಷದ ಮನುಷ್ಯ. ದಿನಾ ಮುಂಜಾನೆ ಮಿಂದು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮುಗಿಸಿ, ಅದನ್ನು ಬೆಳ್ಳಿಯ ಕರಡಿಗೆಯೊಳಗಿಟ್ಟು ಕೊರಳಿಗೆ ಹಾಕಿಕೊಂಡ ಮೇಲೆಯೇ ಅಂಗಡಿಯ ಬಾಗಿಲು ತೆರೆಯುವವ.

ಇಂಥವನನ್ನು ಮೂರು ತಿಂಗಳಿಂದ ಒಂದು ಸಣ್ಣ ಸಪ್ಪಳ ಸೋಲಿಸುತ್ತ ಬಂದಿತ್ತು.

ಅದು ಶುರುವಾದದ್ದು ಖಾನಾಪುರದ ಅಕ್ಕವ್ವನಿಂದ. ಅಕ್ಕವ್ವ ಅವನ ತಾಯಿಯ ಅಕ್ಕ. ಬಾಣಂತಿತನದಲ್ಲೇ ತೀರಿಕೊಂಡ ತಂಗಿಯ ಕೂಸನ್ನು ಎತ್ತಿಕೊಂಡು ಬಂದು, ಅದರ ಕೊರಳಿಗೆ ಲಿಂಗ ಕಟ್ಟಿಸಿ, ತನ್ನ ಮಗನ ಜೋಡಿ ಬೆಳೆಸಿದವಳು. ಈಗ ಎಂಬತ್ತನಾಲ್ಕು. ಮಗ, ಸೊಸೆ, ಮೊಮ್ಮಕ್ಕಳಿರುವ ತುಂಬಿದ ಮನೆಯ ಕಟ್ಟೆಯ ಮೇಲೆ ಕೂತು ಎಲ್ಲರನ್ನೂ ಆಳುತ್ತಾಳೆ. ಕಣ್ಣು ಹೋಗಿ ಎರಡು ವರ್ಷವಾಯಿತು. ಸೊಂಟ ಬಿದ್ದಿರುವುದರಿಂದ ಗಾಡಿಯಲ್ಲಿ ಕೂರಲಾರಳು.

ಮೂರು ತಿಂಗಳ ಹಿಂದೆ ಅವಳು ಸಿದರಾಯನನ್ನು ಹತ್ತಿರ ಕೂರಿಸಿಕೊಂಡು ಹೇಳಿದ್ದಳು:

"ನನ್ನ ತವರೂರು ಹಲಸಿಯೊಳಗ ಗುಡಿ ಐತಲ್ಲ, ಅದರಾಗ ಒಂದು ನಮೂನಿ ಶಾಂತ ಇರ್ತದಪಾ. ಸಣ್ಣಾಕಿ ಇದ್ದಾಗ ನಮ್ಮಪ್ಪನ ಕೈ ಹಿಡಕೊಂಡು ಹೊಸ್ತಿಲಾ ದಾಟಿದೆ ಅಂದ್ರ, ಹೊರಗಿನ ಗದ್ದಲ ಎಲ್ಲಾ ಯಾರೋ ಕತ್ತರಿಸಿ ಒಗದಂಗ ಆಗ್ತಿತ್ತು. ನೀ ಎದಿಮ್ಯಾಲ ಅದೇನೋ ಡಬ್ಬಿ ಕಟ್ಗೊಂಡು ಸೈಕಲ್ ಹೊಡೀತಿ ಅಂತಲ್ಲ, ಅದರಾಗ ಆ ಶಾಂತ ಹಿಡಕೊಂಡು ಬಾ. ಬಲಗಿವಿ ಆಗ್ಲೇ ಕೈ ಕೊಟ್ಟೇತಿ. ಎಡಗಿವಿ ಇನ್ನೂ ನನ್ನ ಮಾತು ಕೇಳ್ತದ. ಅದೂ ಕೈ ಕೊಡೂದ್ರೊಳಗ ತಂದ್ರ ಚಲೋ."

ಆ ಡಬ್ಬಿ ಎಂದರೆ ಆ್ಯಕ್ಷನ್ ಕ್ಯಾಮೆರಾ. ಮಿಲಿಟರಿ ಕ್ಯಾಂಪಿನಲ್ಲಿದ್ದ ಒಬ್ಬ ಸುಬೇದಾರರು ಬದಲಿಯಾಗಿ ಹೋಗುವಾಗ ಕೊಟ್ಟು ಹೋದದ್ದು, ಆರು ವರ್ಷ ಹಳೆಯದು. ಎದೆಗೆ ಕಟ್ಟುವ ಪಟ್ಟಿಯೂ ಜೊತೆಗಿತ್ತು. ಸಿದರಾಯ ಅದನ್ನು ಕಟ್ಟಿಕೊಂಡು ಮೂರು ಸಲ ಹಲಸಿಗೆ ಹೋಗಿ ಬಂದ. ಮೂರು ಸಲವೂ ಮನೆಗೆ ಬಂದು ಕೇಳಿದರೆ, ಗುಡಿಯ ಮೌನದ ತುಂಬ ಟಕ್, ಟಕ್, ಟಕ್. ನಡೆಯುವಾಗ ಜೋರು, ನಿಂತಾಗ ಮೆಲ್ಲಗೆ, ಆದರೆ ಇದ್ದೇ ಇತ್ತು. ಕೈಯಲ್ಲಿ ಹಿಡಿದು ನೋಡಿದ, ಬೆರಳು ಉಜ್ಜಿದ ಸಪ್ಪಳ. ಮನೆಯ ಮೇಜಿನ ಮೇಲಿಟ್ಟು ನೋಡಿದ, ಏನೂ ಇಲ್ಲ. ಮೇಜಿನ ಮೇಲೆ ಸುಮ್ಮನಿದ್ದು ನಡೆದಾಗ ಬಡಿದುಕೊಳ್ಳುವುದೆಂದರೆ ಒಳಗೆ ಏನೋ ಸಡಿಲಾಗಿದೆ. ಸೈಕಲ್ಲಿನ ನ್ಯಾಯ ಕ್ಯಾಮೆರಾಕ್ಕೂ ಒಂದೇ ಎಂದು ತೀರ್ಮಾನಿಸಿದ. ಕೆಟ್ಟದ್ದನ್ನು ಅಕ್ಕವ್ವನಿಗೆ ಕೇಳಿಸಲು ಮನಸ್ಸಾಗದೆ ಮೂರನ್ನೂ ಅಳಿಸಿಬಿಟ್ಟ.

ಕಳೆದ ಶನಿವಾರ ಕ್ಯಾಂಪಿನಲ್ಲಿರುವ ಮಾರ್ತಾಂಡನ ಕ್ಯಾಮೆರಾ ಅಂಗಡಿಗೆ ಹೋದ. ಮಾರ್ತಾಂಡನೂ ಅವನೂ ಹಳೆಯ ಸ್ನೇಹಿತರು. ಮಾರ್ತಾಂಡನದು ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಗಿರಾಕಿಯ ಭಾಷೆ.

"ಇದು ಮುದುಕ ಆಗೇತಿ ಸಿದರಾಯ. ಇದಕ್ಕ ಪೆನ್ಶನ್ ಕೊಟ್ಟು ಕಳಸ್ರಿ," ಎಂದು ಮಾರ್ತಾಂಡ ಹಳೆಯದನ್ನು ತಿರುಗಿಸಿ ನೋಡಿದ. "ಹೊಸಾದು ಬಘಾ, ನೋಡ್ರಿ. ಮೂರು ಮೈಕ್ ಅದಾವ. ನೀವು ಕುಣದ್ರೂ ಚಿತ್ರ ಅಲುಗಾಡೂದಿಲ್ಲ. ಕತ್ತಲದಾಗೂ ಹಗಲಿನಂಗ ಕಾಣಸ್ತದ."

"ನಂಗ ಚಿತ್ರ ಬ್ಯಾಡ್ರೀ. ಏನೂ ಇಲ್ಲದ್ದು ಕೇಳಬೇಕು."

ಮಾರ್ತಾಂಡ ಕನ್ನಡಕದ ಮೇಲಿಂದ ನೋಡಿದ. "ಏನೂ ಇಲ್ಲದ್ದಕ್ಕ ಎರಡು ತಿಂಗಳ ಗಳಿಕಿ ಹಾಕ್ತೀರಿ ಅಂದ್ರ, ನೀವು ದೊಡ್ಡ ಗಿರಾಕಿ ಖರೇ."

"ಹಾಕ್ತೀನಿ. ಈ ಐತವಾರ ಅದನ್ನ ತಂದಾ ತರ್ತೀನಿ. ನಾಲ್ಕನೇ ಸಲ ಬರೇ ಕೈಲೆ ಬರೂದಿಲ್ಲ."

ಮಾರ್ತಾಂಡನಿಗೆ ಅವನ ದನಿಯಲ್ಲಿದ್ದ ಗಟ್ಟಿತನ ತಿಳಿಯಿತು. ಹೊಸ ಕ್ಯಾಮೆರಾವನ್ನು ಪೆಟ್ಟಿಗೆ ಸಮೇತ ಕೈಗಿತ್ತ. "ಒಯ್ದು ನೋಡ್ರಿ ಮದಲ. ಸೋಮವಾರ ಸಂಜಿಗೆ ಕ್ಯಾಮೆರಾ ಬರ್ಲಿ, ಇಲ್ಲಾ ರೊಕ್ಕ ಬರ್ಲಿ. ಎರಡೂ ಬರಲಿಲ್ಲಂದ್ರ ನಾನಾ ಬರ್ತೀನಿ, ನಿಮ್ಮನಿಗೆ ಊಟಕ್ಕ."

ಮರುದಿನ ಐತವಾರ ಮುಂಜಾನೆ ಸಿದರಾಯ ಮಗಳು ನಿಖಿತಾಳನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಖಾನಾಪುರಕ್ಕೆ ಹೊರಟ. ಕಾಲೇಜಿಗೆ ಹೋಗುವ ನಿಖಿತಾಳಿಗೆ ಈ ಖರೀದಿಯಲ್ಲಿ ತನ್ನದೇ ಲೆಕ್ಕವಿತ್ತು. ಅಪ್ಪನಿಗೆ ಹೊಸದು ಬಂದರೆ ಹಳೆಯದು ತನಗೆ. ದಾರಿಯುದ್ದಕ್ಕೂ ಹೊಸದರ ಗುಣಗಾನ ಮಾಡುತ್ತಲೇ ಬಂದಳು.

ಅಕ್ಕವ್ವ ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಸಿದರಾಯ ಅವಳ ಕಾಲು ಮುಟ್ಟಿ ವಿಷಯ ಹೇಳಿದ. "ಎರಡೂ ಕಟ್ಗೊಂಡು ಇಲ್ಲೇ ಅಂಗಳದಾಗ ನಡದು ತೋರಸ್ತೀನಿ ದೊಡ್ಡವ್ವಾ. ಯಾವುದು ಚಲೋ ಅಂತ ನೀನಾ ಹೇಳು. ನೀ ಆರಿಸಿದ್ದನ್ನ ತಗೊಂಡು ಹಲಸಿಗೆ ಹೋಗ್ತೀನಿ."

"ನೋಡಾಕ ಬರಲಾರದಾಕಿ ಕಡೆ ಕ್ಯಾಮೆರಾ ಆರಿಸ್ತಿ," ಎಂದು ಅಕ್ಕವ್ವ ನಕ್ಕಳು. "ಆತು, ನಡಿ."

ಅವನು ಎದೆಗೆ ಪಟ್ಟಿ ಬಿಗಿದು, ಹಳೆಯದನ್ನು ಸಿಕ್ಕಿಸಿಕೊಂಡು ಬಾವಿಯ ತನಕ ನಡೆದು ಬಂದ. ಅದನ್ನು ಬಿಚ್ಚಿ ಹೊಸದನ್ನು ಸಿಕ್ಕಿಸಿಕೊಂಡು ಮತ್ತೆ ನಡೆದ. ನಿಖಿತಾ ಎರಡನ್ನೂ ಮೊಬೈಲಿಗೆ ಇಳಿಸಿ, ತನ್ನ ಹೆಡ್‌ಫೋನನ್ನು ಅಕ್ಕವ್ವನ ತಲೆಗೆ ಹಾಕಿದಳು.

ಅಕ್ಕವ್ವ ಅವರೆಕಾಯಿ ಕೈಬಿಟ್ಟು ಕೇಳಿದಳು. ಮೊದಲನೆಯದು ಮುಗಿಯಿತು. ಎರಡನೆಯದೂ ಮುಗಿಯಿತು. ಸಿದರಾಯ ಉಸಿರು ಬಿಗಿಹಿಡಿದು ನಿಂತಿದ್ದ.

"ಎರಡೂ ಒಂದಾ," ಎಂದಳು.

"ಹೊಸಾದ್ರಾಗ ಟಕ್ ಟಕ್ ಇರಬಾರದಲ್ಲ ದೊಡ್ಡವ್ವಾ."

"ಹೊಸಾದು ಇದ್ರೇನು, ಹಳೇದು ಇದ್ರೇನು. ಎರಡರಾಗೂ ನಿನ್ನ ಕರಡಿಗಿ ಬಡಕೊಳ್ಳಾಕತ್ತೇತಿ."

ಸಿದರಾಯನ ಕೈ ತಾನಾಗಿಯೇ ಎದೆಗೆ ಹೋಯಿತು. ಕ್ಯಾಮೆರಾ ಕೂರುವ ಪ್ಲಾಸ್ಟಿಕ್ ಬಿಲ್ಲೆಯ ನೇರ ಹಿಂದೆ, ಅಂಗಿಯ ಒಳಗೆ, ಬೆಳ್ಳಿಯ ಕರಡಿಗೆ. ಮೆಲ್ಲಗೆ ಒತ್ತಿದ. ಟಕ್. ಉಸಿರೆಳೆದ. ಟಕ್.

ಅಕ್ಕವ್ವ ಬೊಚ್ಚುಬಾಯಿ ತೆರೆದು ನಕ್ಕಳು. "ಊರಾನ ಸೈಕಲ್ಲಿನ ರೋಗ ಎಲ್ಲಾ ಕೇಳೇ ಹೇಳ್ತೀ ಅಂತ. ನಿನ್ನ ಎದಿಮ್ಯಾಲಿಂದು ನಿನಗ ಕೇಳಲಿಲ್ಲಲ್ಲೋ?"

"ಅದೊಂದು ಸಾಮಾನು ಅಂತ ಅನಿಸೇ ಇಲ್ಲ ದೊಡ್ಡವ್ವಾ," ಎಂದ ಸಿದರಾಯ.

ಅದು ನಿಜವೇ ಆಗಿತ್ತು. ಐವತ್ತೆರಡು ವರ್ಷ ಆ ಭಾರ ಅವನ ಜೊತೆ ಉಂಡಿದೆ, ಮಲಗಿದೆ, ಬೆವೆತಿದೆ. ಸಪ್ಪಳ ಹುಡುಕುತ್ತ ಕ್ಯಾಮೆರಾದ ಒಂದೊಂದು ತಿರುಪನ್ನೂ ತಡವಿದವನಿಗೆ, ತನ್ನ ಮೈಯನ್ನು ತಡವಿಕೊಳ್ಳಬೇಕೆಂದು ಹೊಳೆದಿರಲಿಲ್ಲ.

"ಮದಲನೇ ಸಲಾನಾ ನನಗ ಕೇಳಿಸಿದ್ರ ಮೂರು ತಿಂಗಳು ಉಳೀತಿದ್ವು. ಕೆಟ್ಟದ್ದು ಅಂತ ಮುಚ್ಚಿಟ್ಟಿ."

ನಿಖಿತಾ ನಡುವೆ ಬಾಯಿ ಹಾಕಿದಳು. "ಅಪ್ಪಾ, ಅರ್ಧಾ ತಾಸಿನ ಮಾತು. ಕರಡಿಗಿ ತಗದು ಆಯಿ ಕಡೆ ಕೊಟ್ಟು ಹೋದ್ರ ಆತಲ್ಲ?"

ಸಿದರಾಯ ಸಿಟ್ಟಾಗಲಿಲ್ಲ. ಪಟ್ಟಿಯನ್ನು ಬಿಚ್ಚುತ್ತ ಮೆಲ್ಲಗೆ ಹೇಳಿದ: "ಅದೊಂದು ಆಗೂದಿಲ್ಲವ್ವಾ. ದವಾಖಾನ್ಯಾಗ ಹೊಟ್ಟಿ ಕೊಯ್ಯೂ ಮುಂದ ಡಾಕ್ಟರ್ ತಗೀರಿ ಅಂದ್ರು. ಆಗೂ ಕೈಯಾಗ ಕಟ್ಟಿಸ್ಗೊಂಡು ಮಲಗಿದೆ. ಒಂದು ವಿಡಿಯೋಕ್ಕ ಬಿಟ್ಟು ಹೋಗ್ಲೇನು?"

ಅಕ್ಕವ್ವ ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

"ಬಿಟ್ಟು ಹೋಗು ಅಂತ ಯಾರಂದ್ರು? ಎದಿಮ್ಯಾಲ ಜಾಗಾ ಇಲ್ಲಂದ್ರ ಅಂಗೈಯಾಗ ಇಲ್ಲೇನು? ದಿನಾ ಮುಂಜಾನೆ ಎಲ್ಲಿ ಇಟ್ಕೊಂಡು ಕುಂದರ್ತಿ?"

ಸಿದರಾಯ ಅವಳ ಮುಖ ನೋಡಿದ. ಹೊಸ ಕ್ಯಾಮೆರಾವನ್ನು ಅರಿವೆಯಿಂದ ಒರೆಸಿ ಪೆಟ್ಟಿಗೆಯೊಳಗಿಟ್ಟ.

"ಅದ್ಯಾಕ ಇಡ್ತಿ?" ಎಂದು ನಿಖಿತಾ ತಡೆದಳು. "ಗುಡಿಯೊಳಗ ಕತ್ತಲ ಇರ್ತದ. ಹಳೇದ್ರಾಗ ಏನೂ ಕಾಣೂದಿಲ್ಲ."

"ನೋಡಾವ್ರು ಯಾರು?" ಎಂದ. "ಹಳೇದ್ರ ಮ್ಯಾಲ ಮೂರು ತಿಂಗಳು ಸುಳ್ಳು ಆರೋಪ ಹೊರಿಸೇನಿ. ಅದು ತನ್ನ ಕೆಲಸಾ ಮಾಡಾಕತ್ತಿತ್ತು, ಇದ್ದದ್ದನ್ನ ಇದ್ದಂಗ ಹೇಳೇತಿ. ಅದನ್ನಾ ಒಯ್ಯೂಣು." ಪೆಟ್ಟಿಗೆಯ ಬಾಯಿ ಮುಚ್ಚಿ, ಮಾರ್ತಾಂಡನ ಅಂಗಡಿಯ ಚೀಲದಲ್ಲಿ ಹಾಕಿ ಗಂಟು ಕಟ್ಟಿದ. ಗಂಟು ನೋಡಿದ ನಿಖಿತಾಳಿಗೆ ಇನ್ನು ಮಾತು ಉಳಿದಿಲ್ಲವೆಂದು ಗೊತ್ತಾಯಿತು.

ಹಲಸಿಗೆ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು. ಗುಡಿಯ ಸುತ್ತ ಜನವಿರಲಿಲ್ಲ. ದೂರದ ಹೊಲದಲ್ಲಿ ಟ್ರಾಕ್ಟರೊಂದು ಗುಡುಗುತ್ತಿತ್ತು, ಯಾರದೋ ಮನೆಯ ರೇಡಿಯೋ ಮರಾಠಿಯಲ್ಲಿ ಹಾಡುತ್ತಿತ್ತು. ಸಿದರಾಯ ಕೈಕಾಲು ತೊಳೆದ. ಎದೆಗೆ ಪಟ್ಟಿ ಬಿಗಿದು ಹಳೆಯ ಕ್ಯಾಮೆರಾ ಸಿಕ್ಕಿಸಿದ. ಕರಡಿಗೆಯಿಂದ ಲಿಂಗವನ್ನು ತೆಗೆದು ಕಣ್ಣಿಗೊತ್ತಿಕೊಂಡು ಎಡ ಅಂಗೈಯಲ್ಲಿ ಇಟ್ಟುಕೊಂಡ. ಬರಿದಾದ ಕರಡಿಗೆಯನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗಿಟ್ಟ. "ನೀ ಇಲ್ಲೇ ಕುಂದರು," ಎಂದು ಮಗಳಿಗೆ ಹೇಳಿ ಗುಂಡಿ ಒತ್ತಿದ.

ಮೂರು ಸಲ ನಡೆದ ದಾರಿಯೇ. ಆದರೆ ಅಂಗೈ ವಾಲಬಾರದು ಎಂಬ ಎಚ್ಚರದಲ್ಲಿ ಹೆಜ್ಜೆ ತಾನಾಗಿಯೇ ನಿಧಾನವಾಯಿತು. ಮೊದಲೆಲ್ಲ ರೆಕಾರ್ಡು ಆಗುತ್ತಿದೆಯೋ ಇಲ್ಲವೋ ಎಂದು ಎದೆಯ ಕಡೆ ಬಗ್ಗಿ ಬಗ್ಗಿ ನೋಡುತ್ತಿದ್ದವನು, ಈ ಸಲ ಅಂಗೈಯನ್ನಷ್ಟೇ ನೋಡಿದ. ಮೆಟ್ಟಿಲ ಕಲ್ಲು ಕಾದಿತ್ತು. ಹೊಸ್ತಿಲ ಕಲ್ಲು ತಂಪಾಗಿತ್ತು. ದಾಟಿದ.

ಟ್ರಾಕ್ಟರು ಇಲ್ಲ. ರೇಡಿಯೋ ಇಲ್ಲ. ಯಾರೋ ಕತ್ತರಿಸಿ ಒಗೆದಂತೆ.

ಅಕ್ಕವ್ವ ಹೇಳಿದ ಮಾತು ಆಗ ಅವನಿಗೆ ತಿಳಿಯಿತು. ಮೂರು ಸಲ ಬಂದಿದ್ದ, ಒಂದು ಸಲವೂ ಕೇಳಿರಲಿಲ್ಲ. ಕಂಬದ ಬಳಿ ನಿಂತ. ಮೇಲೆಲ್ಲೋ ಪಾರಿವಾಳವೊಂದು ರೆಕ್ಕೆ ಬಡಿದು ಮತ್ತೆ ಕೂತಿತು. ಕಲ್ಲು, ಕತ್ತಲು, ಅಂಗೈಯ ಮೇಲಿನ ಸಣ್ಣ ಭಾರ. ಎಷ್ಟು ಹೊತ್ತು ನಿಂತನೋ. ಕೊನೆಗೆ, ಇಷ್ಟು ದಿನ ಎದೆಯಲ್ಲಿ ಬಿಗಿಹಿಡಿದಿದ್ದ ಏನನ್ನೋ ಇಳಿಸಿದವನ ಹಾಗೆ ಒಂದು ದೀರ್ಘ ಉಸಿರು ಬಿಟ್ಟು ಹಿಂದಿರುಗಿದ.

ಮೂರು ಗಂಟೆಗೆ ಮತ್ತೆ ಖಾನಾಪುರ. ಮೊಬೈಲಿಗೆ ಇಳಿಸುವಾಗ ನಿಖಿತಾ ಹೇಳಿದಳು, "ಅಪ್ಪಾ, ಚಿತ್ರದಾಗ ಏನೂ ಬಂದಿಲ್ಲ. ಪೂರಾ ಕಪ್ಪು, ಕೆಳಗ ಬರೇ ನಿನ್ನ ಅಂಗೈ." ಹಾಗೆ ಹೇಳಿದವಳು ಮೊಬೈಲನ್ನು ಬದಿಗಿಡದೆ ಆ ಕಪ್ಪನ್ನೂ ಅಂಗೈಯನ್ನೂ ಕೊನೆಯ ತನಕ ನೋಡಿದಳು. ಆಮೇಲೆ ಹೆಡ್‌ಫೋನನ್ನು ತಾನೇ ಒಯ್ದು ಅಕ್ಕವ್ವನಿಗೆ ಹಾಕಿ, ಎಡಗಿವಿಯ ಮೇಲೆ ಸರಿಮಾಡಿದಳು.

ಅಕ್ಕವ್ವ ಕೇಳಿದಳು. ಹೊಸ್ತಿಲು ಬಂದದ್ದು ಸಿದರಾಯನಿಗೆ ಅವಳ ಕೈ ನೋಡಿಯೇ ತಿಳಿಯಿತು. ಮಡಿಲಲ್ಲಿದ್ದ ಬಲಗೈ ಸ್ವಲ್ಪ ಮೇಲೆದ್ದು, ಯಾರದೋ ದೊಡ್ಡ ಬೆರಳನ್ನು ಹಿಡಿದುಕೊಂಡಂತೆ ಮಡಚಿಕೊಂಡಿತು. ಮುಗಿಯುವ ತನಕ ಹಾಗೆಯೇ ಇತ್ತು. ಸೊಸೆ ಚಹಾ ತಂದವಳು ಬಾಗಿಲಲ್ಲೇ ನಿಂತಳು.

"ಇದಾ," ಎಂದಳು ಅಕ್ಕವ್ವ. "ಇದಾ ನೋಡು."

ಸಿದರಾಯ ಹೆಡ್‌ಫೋನು ತೆಗೆಯಲು ಬಗ್ಗಿದ. ಅವಳು ಅವನ ಕೈ ಸರಿಸಿದಳು.

"ಕಡೀಕ ಒಂದು ಉಸರು ಬಿಟ್ಟಿ."

"ಹೌದು ದೊಡ್ಡವ್ವಾ. ತಡಕೊಳ್ಳಾಕ ಆಗಲಿಲ್ಲ."

"ಅದಕ್ಕೂ ಒಂದು ಹೊಸಾ ಕ್ಯಾಮೆರಾ ತರ್ತಿ ಏನು?"

ನಿಖಿತಾ ಕಿಸಕ್ಕನೆ ನಕ್ಕಳು. ಸಿದರಾಯನೂ ನಕ್ಕ. ಮಾರ್ತಾಂಡನ ಚೀಲ ಗಂಟು ಹಾಕಿದ ಹಾಗೆಯೇ ಕಂಬಕ್ಕೆ ಒರಗಿ ಕೂತಿತ್ತು. ಅಕ್ಕವ್ವ ಬಲಗೈಯನ್ನು ಮತ್ತೆ ಮಡಿಲಲ್ಲಿ ಸಿದ್ಧ ಮಾಡಿ ಇಟ್ಟುಕೊಂಡಳು.

"ಇನ್ನೊಮ್ಮೆ ಹಚ್ಚವ್ವಾ," ಎಂದಳು.