ಕೋರ್ಟು ಏಳುವ ತನಕ

"ನರ್ಸ್ ಅಂದ್ರೆ ಜನ ಸಿಸ್ಟರ್ ಅಂತಾರೆ. ನಡುರೋಡಲ್ಲಿ ಕೂತು ಬಾಯಿ ಬಡ್ಕೊಳ್ಳೋಳನ್ನ ಏನಂತಾರೆ? ನೀನೇ ಹೇಳಮ್ಮ."

ವಿಚಾರಣೆ ಮರಾಠಿಯಲ್ಲೇ ಶುರುವಾಗಿತ್ತು. ನರ್ಸುಗಳ ಹೆಸರು ದಾಖಲಿಸುವ ಪರಿಷತ್ತಿನ ಶಿಸ್ತು ಸಮಿತಿಗೆ ಮಧುಕರ್ ಅಧ್ಯಕ್ಷರು. ಮೈಸೂರಿನ ಕಡೆಯವರು. ರೇಣು ವಿಜಯಪುರ ಜಿಲ್ಲೆಯವಳೆಂದು ಕಂಡ ಮೇಲೆ ಕನ್ನಡಕ್ಕೆ ಹೊರಳಿದ್ದರು. ಬೈಯಲು ಅದೇ ಸಲೀಸೆನಿಸಿರಬೇಕು.

ರೇಣು ಮೇಜಿನ ಮೇಲೆ ಚಾಚಿದ್ದ ಅವರ ಎಡಗೈಯನ್ನು ನೋಡುತ್ತಿದ್ದಳು. ಮಣಿಕಟ್ಟಿನಿಂದ ಮೇಲಕ್ಕೆ ನೀಲಿ ನರವೊಂದು ನೆಟ್ಟಗೆ ಉಬ್ಬಿ ನಿಂತಿತ್ತು. ಸಲೈನ್ ಹಚ್ಚಲು ತಡಕಾಡಬೇಕಿಲ್ಲ, ಒಂದೇ ಚುಚ್ಚಿಗೆ ಸಿಗುತ್ತದೆ. ವರ್ಷಗಟ್ಟಲೆ ರಾತ್ರಿಪಾಳಿ ಮಾಡಿದವಳ ಕಣ್ಣಿಗೆ ಮನುಷ್ಯರ ಮುಖಕ್ಕಿಂತ ಮೊದಲು ಕೈ ಬೀಳುತ್ತಿತ್ತು.

"ಸರ್‌ನೇಮ್ ಹಾಕಿಲ್ಲವಲ್ಲ. ಊರಲ್ಲಿ ಯಾವ ಜನ ನೀವು?"

"ಊರ ಹೊರಗಿನವರ್ರಿ."

ಕಚೇರಿಯ ಸಿಪಾಯಿ ಚಹಾ ತಂದ. ಸಮಿತಿಯವರಿಗೂ, ಗೋಡೆ ಬದಿಯ ಕುರ್ಚಿಯಲ್ಲಿ ಕುಳಿತಿದ್ದ ಕೇದಾರ ಡಾಕ್ಟರಿಗೂ ಪಿಂಗಾಣಿ ಕಪ್ಪು. ರೇಣುವಿಗೆ ಕಾಗದದ ಲೋಟ. ಅವಳು ಕುಡಿದಳು. ಬಿಸಿಯಿತ್ತೋ ಆರಿತ್ತೋ ನಾಲಿಗೆಗೆ ತಿಳಿಯಲಿಲ್ಲ.

ದೂರು ಕೊಟ್ಟವರು ಕೇದಾರ ಡಾಕ್ಟರು. ರೇಣು ಕೆಲಸ ಮಾಡುತ್ತಿದ್ದದ್ದು ಅವರ ನರ್ಸಿಂಗ್ ಹೋಮಿನಲ್ಲಿ. ರಸ್ತೆಯಲ್ಲಿ ಕುಳಿತದ್ದಕ್ಕೆ ಅವಳ ಮೇಲೆ ಕೋರ್ಟಿನಲ್ಲಿ ಕೇಸು ನಡೆದಷ್ಟು ದಿನವೂ ಅವರಿಗೆ ಅದು ಗೊತ್ತಿತ್ತು, ತೊಂದರೆಯಿರಲಿಲ್ಲ. ತರಬೇತಿಯಿಲ್ಲದ ಹುಡುಗಿಯರು ಕೊಟ್ಟ ಇಂಜೆಕ್ಷನ್ನಿಗೆ ತಾನು ಸಹಿ ಹಾಕುವುದಿಲ್ಲ ಎಂದು ಅವಳು ಅಂದ ವಾರವೇ ತೊಂದರೆ ಕಾಣಿಸಿತು. ಈಗ ವಾರ್ಡು ನೋಡಿಕೊಳ್ಳುತ್ತಿರುವವರು ಆ ಹುಡುಗಿಯರೇ. ಅವರ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಹಾಗಾಗಿ ಎಲ್ಲಿಂದಲೂ ತೆಗೆಯುವಂತಿಲ್ಲ.

"ಕೋರ್ಟಲ್ಲಿ ಗಿಲ್ಟಿ ಅಂತ ನೀನೇ ಒಪ್ಕೊಂಡಿದ್ದೀಯ. ಯಾರೂ ಕತ್ತು ಹಿಸುಕಿ ಹೇಳಿಸಿಲ್ಲ," ಎಂದರು ಮಧುಕರ್.

"ಎಲ್ಲಾರೂ ಹೂಂ ಅಂದ್ರರಿ. ನಾನೂ ಅಂದೆ."

"ಓದಿದೋಳು ನೀನು. ಒಪ್ಕೊಂಡ್ರೆ ಏನಾಗುತ್ತೆ ಅಂತ ಗೊತ್ತಿರಲಿಲ್ವಾ?"

"ತಾರೀಖ ಮುಗಿತಾವ ಅಂತ ಗೊತ್ತಿತ್ರಿ."

ಮಧುಕರ್ ಅದನ್ನು ಮರಾಠಿಗೆ ತಿರುಗಿಸಿ ಪಕ್ಕದ ಇಬ್ಬರು ಸದಸ್ಯರಿಗೆ ಹೇಳಿದರು. ಮೂವರೂ ನಕ್ಕರು.

ಯೆರವಡಾದ ಅವಳ ವಸ್ತಿಯಲ್ಲಿ, ಕೂಲಿಯವರ ಆ ಕೇರಿಯಲ್ಲಿ, ಆ ಮಾತಿಗೆ ಯಾರೂ ನಗುತ್ತಿರಲಿಲ್ಲ. ನಡುಬೇಸಿಗೆಯಲ್ಲಿ ವಸ್ತಿಯ ನಲ್ಲಿ ಕಟ್ಟಾಗಿ, ಪೈಪು ಹೊಸ ಬಿಲ್ಡಿಂಗಿನ ಕಡೆ ತಿರುಗಿದಾಗ ಹೆಂಗಸರು ಖಾಲಿ ಕೊಡ ಹಿಡಿದು ರಸ್ತೆಯಲ್ಲಿ ಕುಳಿತಿದ್ದರು. ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದು ಕೇಸಾಯಿತು. ಆಮೇಲೆ ತಾರೀಖಿನ ಮೇಲೆ ತಾರೀಖು. ತಾರೀಖು ಬಿದ್ದ ದಿನ ಕೂಲಿಯವರು ಸೇರುವ ನಾಕಾದಲ್ಲಿ ಕೆಲಸಕ್ಕೆ ನಿಲ್ಲುವಂತಿಲ್ಲ. ಮರುದಿನ ಹೋದರೆ ಆಳು ಹಿಡಿಯುವ ಮುಕಾದಮ ಬೇರೆಯವರನ್ನು ಕರೆದೊಯ್ದಿರುತ್ತಿದ್ದ. ಇಂಥ ಕೇಸನ್ನು ವಸ್ತಿಯವರು ಹಿಂದಿನಿಂದಲೂ ಮುಗಿಸಿಕೊಂಡು ಬಂದದ್ದು ಒಂದೇ ರೀತಿಯಲ್ಲಿ: ತಪ್ಪು ಮಾಡಿದ್ದೇವೆ ಎಂದುಬಿಡುವುದು.

"ಮಾಡೀನಿ ಅಂದ್ರ ಮೈಯಾಗಿನ ತೊಗಲೇನು ಸುಲಿತಾರ? ಹೂಂ ಅಂದು ಬಾ, ನಾಳಿಂದ ದುಡಕೊಂಡು ತಿನ್ನೂಣು," ಎಂದಿದ್ದಳು ಅವ್ವ ರುದ್ರವ್ವ. ವಕೀಲನೂ ಅದನ್ನೇ ಹೇಳಿದ. ಜಡ್ಜು ಕೇಳಿದಾಗ ಎಲ್ಲರೂ ಸಾಲಾಗಿ ತಲೆಯಾಡಿಸಿದರು. ರಾತ್ರಿಪಾಳಿ ಮುಗಿಸಿ ನೆಟ್ಟಗೆ ಬಂದಿದ್ದ ರೇಣುವಿಗೆ ನಿದ್ದೆ ತೂಗುತ್ತಿತ್ತು. ಅವಳೂ ತಲೆಯಾಡಿಸಿದಳು.

ಶಿಕ್ಷೆಯೆಂದರೆ ಸಣ್ಣ ದಂಡ, ಮತ್ತೆ ಸಂಜೆ ಕೋರ್ಟು ಏಳುವ ತನಕ ಅಲ್ಲೇ ಕುಳಿತಿರುವುದು. ಹಿಂದಿನ ಬೆಂಚಿನಲ್ಲಿ ಹೆಂಗಸರು ಒತ್ತಿಕೊಂಡು ಕುಳಿತರು. ಮಧ್ಯಾಹ್ನ ರುದ್ರವ್ವ ರೊಟ್ಟಿಗಂಟು ಬಿಚ್ಚಿದಳು. ಬೈಯಲು ಬಂದ ಪೊಲೀಸಪ್ಪ ಶೇಂಗಾ ಹಿಂಡಿಯ ವಾಸನೆಗೆ ತಾನೂ ಒಂದು ರೊಟ್ಟಿ ಇಸಿದುಕೊಂಡು ಹೋದ. ನಗುತ್ತ ಮನೆಗೆ ಬಂದರು. ಮರುದಿನ ಎಲ್ಲರೂ ನಾಕಾಕ್ಕೆ ಹೋದರು. ಬುಟ್ಟಿ ಹೊರುವವರಿಗೆ ಲೈಸೆನ್ಸು ಇರುವುದಿಲ್ಲ. ಕಿತ್ತುಕೊಳ್ಳುವಂಥದ್ದು ಇದ್ದದ್ದು ಇಡೀ ವಸ್ತಿಯಲ್ಲಿ ರೇಣು ಒಬ್ಬಳ ಹತ್ತಿರ.

ಮಧುಕರ್ ಕಪ್ಪು ಕೆಳಗಿಟ್ಟರು. ದನಿ ಮೆತ್ತಗಾಯಿತು.

"ನೋಡಮ್ಮ, ನಾನೂ ಕನ್ನಡದೋನೇ. ನಿನ್ನ ಕರಿಯರ್ ಹಾಳು ಮಾಡಿ ನನಗೇನಾಗ್ಬೇಕು? ಆ ಹೆಂಗಸ್ರು ನಿನ್ನ ಬಲವಂತವಾಗಿ ಎಳ್ಕೊಂಡು ಹೋದ್ರು, ಹೆದರ್ಸಿದ್ರು ಅಂತ ಬರೆದ್ಕೊಡು. ಡಾಕ್ಟರ್ ಹತ್ರ ಸಾರಿ ಕೇಳು. ಸ್ವಲ್ಪ ದಿನ ಸಸ್ಪೆಂಡ್ ಮಾಡಿ ಬಿಟ್ಬಿಡ್ತೀವಿ. ಇಲ್ಲಾಂದ್ರೆ ಹೆಸರು ತೆಗೀಲೇಬೇಕಾಗುತ್ತೆ."

ಕೆಳಗಿನ ಕೋಚಿಂಗ್ ಕ್ಲಾಸಿನಿಂದ ಹುಡುಗರು ಗಟ್ಟಿಯಾಗಿ ಏನನ್ನೋ ಒಪ್ಪಿಸುವುದು ಕೇಳಿಸುತ್ತಿತ್ತು. ಬಾಗಿಲಾಚೆ ಅವ್ವನ ಕೆಮ್ಮು. ಸಿಮೆಂಟಿನ ಕೆಮ್ಮು ಅದು. ರೇಣು ನಿದ್ದೆಯಲ್ಲೂ ಗುರುತು ಹಿಡಿಯುತ್ತಿದ್ದಳು.

"ಯಾರೂ ಎಳಕೊಂಡು ಹೋಗಲಿಲ್ಲರಿ," ಎಂದಳು. ತನ್ನ ದನಿ ಪಕ್ಕದ ಕೋಣೆಯಿಂದ ಬಂದಂತೆ ಕೇಳಿಸಿತು. "ಎಲ್ಲಾರಕಿಂತ ಮುಂದ ನಾನ ಕುಂತಿದ್ದೆ."

ಕೇದಾರ ಡಾಕ್ಟರು ಕೈಗಡಿಯಾರ ನೋಡಿಕೊಂಡರು.

ಹೆಸರು ತೆಗೆದರು. ಹೊರಗೆ ಹೋಗಲು ಹೇಳಿದರು.

ಹೊಸ್ತಿಲ ಆಚೆ, ಚಪ್ಪಲಿಗಳ ಪಕ್ಕ, ರುದ್ರವ್ವ, ಸೋದರತ್ತೆ ಜಟ್ಟೆವ್ವ, ವಸ್ತಿಯ ಇನ್ನಷ್ಟು ಹೆಂಗಸರು ನೆಲಕ್ಕೆ ಕುಳಿತಿದ್ದರು. ರುದ್ರವ್ವನ ಮಡಿಲಲ್ಲಿ ದೊಡ್ಡ ರೊಟ್ಟಿಗಂಟು. ಈ ಸಲವೂ ಸಂಜೆತನಕ ಕೂರಿಸುತ್ತಾರೆಂದು ಬೆಳಿಗ್ಗೆಯೇ ಬಡಿದು ತಂದದ್ದು.

"ಏನಂದ್ರು?" ಎಂದಳು ರುದ್ರವ್ವ. "ಎಟ್ಟೊತ್ತು ಕುಂದ್ರಬೇಕಂತ?"

"ಕುಂದ್ರಸಂಗಿಲ್ಲಂತ. ಮನಿಗಿ ಹೋಗಂದ್ರು."

"ನಾ ಹೇಳಲಿಲ್ಲೇನ?" ಜಟ್ಟೆವ್ವನ ಮುಖ ಅರಳಿತು. "ಸುಮ್ನ ಅಂಜಿದ್ದಿ ಹುಚ್ಚಿ. ಖುಲ್ಲಾ ಬಿಟ್ಟಾರ!"

"ಇಲ್ಲಬೇ ಅತ್ತಿ. ನನ್ನ ಹೆಸರು ತಗದ್ರು. ಇನ್ನ ಎಲ್ಲೂ ಸೂಜಿ ಹಿಡಿಯಂಗಿಲ್ಲಂತ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ರುದ್ರವ್ವ ಗಂಟನ್ನು ನೋಡಿಕೊಂಡಳು. ಮಗಳ ಓದಿಗೆಂದು ಅವಳು ಹೊತ್ತ ಇಟ್ಟಿಗೆಯ ಮನೆಗಳು ಇದೇ ಊರಲ್ಲಿ ಎಲ್ಲೆಲ್ಲೋ ನಿಂತಿದ್ದವು.

"ಕೋರ್ಟಿನ್ಯಾಗ ಸಜಾ ಮುಗಿಸಿ ಬಂದೀವಲ್ಲ?"

"ಅದು ಕೋರ್ಟಿಂದು. ಇದು ಇವರದು."

"ಇವರದು ಎಂದ ಮುಗೀತದ?"

ರೇಣು ಚಪ್ಪಲಿಗಳ ನಡುವೆ ತನ್ನವನ್ನು ಹುಡುಕಿದಳು.

"ಸೂಳಿಮಕ್ಕಳು," ಎಂದಳು ರುದ್ರವ್ವ. ಕೂಗಲಿಲ್ಲ, ಅಕ್ಕಿಯಲ್ಲಿನ ಕಲ್ಲು ಆರಿಸಿ ಎಸೆದ ಹಾಗೆ ಹೇಳಿದಳು. ಎದ್ದು ಹೊಸ್ತಿಲ ನಡುವೆ ಹೋಗಿ ಕುಳಿತಳು. ಗಂಟು ಬಿಚ್ಚಿ ಬಟ್ಟೆಯನ್ನು ಬಾಗಿಲಿನಗಲಕ್ಕೂ ಹಾಸಿದಳು. "ಬರ್ರಿ, ಉಣ್ಣೂಣು."

ಹೆಂಗಸರು ಬಂದು ಸುತ್ತ ಕುಳಿತರು. ರೇಣು ಕೊನೆಗೆ ಬಂದು ಎಲ್ಲರಿಗಿಂತ ಮುಂದೆ, ವಿಚಾರಣೆಯ ಕೋಣೆಗೆ ಮುಖ ಮಾಡಿ ಕುಳಿತಳು.

ಸಿಪಾಯಿ ಓಡಿ ಬಂದ. ಅವನ ಹಿಂದೆ ಚೀಲ ಹೆಗಲಿಗೇರಿಸಿ ಹೊರಟಿದ್ದ ಮಧುಕರ್.

"ಏನಿದು? ಇದೇನು ಧರ್ಮಛತ್ರ ಅಂದ್ಕೊಂಡ್ರಾ? ಏಳಿ, ದಾರಿ ಬಿಡಿ!"

"ಸಜಾ ಅಂದ್ರ ನಮಗ ಗೊತ್ತಿದ್ದದ್ದು ಕುಂದ್ರೂದು ಒಂದ, ಸಾಹೇಬ್ರ," ಎಂದಳು ರುದ್ರವ್ವ, ರೊಟ್ಟಿ ಮುರಿಯುತ್ತ. "ಕುಂತೀವಿ. ಮುಗದ ಮ್ಯಾಲ ಹೇಳ್ರಿ, ಏಳ್ತೀವಿ."

"ಪೋಲಿಸಾಂನಾ ಬೋಲವಾ!" ಪೊಲೀಸರನ್ನು ಕರೆಯಿರೆಂದು ಒಳಗಿನಿಂದ ಕೇದಾರ ಡಾಕ್ಟರು ಮರಾಠಿಯಲ್ಲಿ ಕೂಗಿದರು.

"ಬರ್ಲಿ ಬಿಡ್ರಿ, ಅವರಿಗೂ ಒಂದು ರೊಟ್ಟಿ ಅದ," ಎಂದಳು ಜಟ್ಟೆವ್ವ.

ಮಧುಕರ್ ರೇಣುವಿನ ಕಡೆ ಬಗ್ಗಿದರು. "ಇನ್ನೊಂದು ಕೇಸ್ ಬೇಕೇನಮ್ಮ ನಿನಗೆ? ಓದಿದೋಳು ನೀನು. ಇವರಿಗೆ ಹೇಳು."

"ಆಗ್ಲಿರಿ," ಎಂದಳು ರೇಣು. "ಈ ಸಲ ಹೂಂ ಅನ್ನಂಗಿಲ್ಲ."

ಅವ್ವ ಕೊಟ್ಟ ತುತ್ತನ್ನು ಬಾಯಿಗಿಟ್ಟುಕೊಂಡಳು. ಹಿಂಡಿ ಖಾರವಿರಲೇಬೇಕು, ಪಕ್ಕದಲ್ಲಿ ಜಟ್ಟೆವ್ವ ಮೂಗು ಸೀಟುತ್ತಿದ್ದಳು. ರೇಣುವಿಗೆ ಏನೂ ತಿಳಿಯಲಿಲ್ಲ. ಸುಮ್ಮನೆ ಅಗಿದಳು.

ಮಧುಕರ್ ಬಾಗಿಲ ಚೌಕಟ್ಟನ್ನು ಎಡಗೈಯಲ್ಲಿ ಹಿಡಿದು ದಾಟಲು ಕಾಲೆತ್ತಿದರು. ಕೆಳಗೆ ಮೊಣಕಾಲು, ರೊಟ್ಟಿ, ಕೈ, ಮತ್ತೆ ಮೊಣಕಾಲು. ಯಾರನ್ನೂ ಮುಟ್ಟದೆ ಇಡುವಷ್ಟು ಜಾಗ ಎಲ್ಲಿಯೂ ಇರಲಿಲ್ಲ. ಹಿಡಿದ ಕೈಯ ನೀಲಿ ನರ ಇನ್ನಷ್ಟು ಉಬ್ಬಿತು. ರೇಣು ಅದನ್ನೇ ನೋಡುತ್ತ ಅಗಿಯುತ್ತಿದ್ದಳು. ಎತ್ತಿದ ಕಾಲು ಎತ್ತಿದಂತೆಯೇ ಇತ್ತು.